ಮೈತ್ರೇಯನನ್ನು ಗುರುತಿಸುವುದು ಹೇಗೆ: ಕಿರೀಟ, ಕಮಂಡಲು, ಜೋಳಿಗೆ

ಪ್ರಶ್ನೆ: ಅಂಗಡಿಗಳಲ್ಲಿ ಸಿಗುವ, ಹೊಟ್ಟೆ ಬಿಟ್ಟುಕೊಂಡು ನಗುವ ‘ಲಾಫಿಂಗ್ ಬುದ್ಧ’ ಮತ್ತು ಲಡಾಖಿನ ದಿಸ್ಕಿತ್‌ನಲ್ಲಿರುವ ಕಿರೀಟಧಾರಿ ದೊಡ್ಡ ಮೂರ್ತಿ ಎರಡೂ ಮುಂದೆ ಬರಲಿರುವ ಮೈತ್ರೇಯನವೇ ಎಂದು ಓದಿದೆ. ಎರಡಕ್ಕೂ ಹೋಲಿಕೆಯೇ ಇಲ್ಲವಲ್ಲ? ಬೈಲಕುಪ್ಪೆಯ ಸ್ವರ್ಣ ದೇಗುಲದ ಮೂರು ಮೂರ್ತಿಗಳಲ್ಲಿ ಒಂದು ಮೈತ್ರೇಯನದು ಎಂದೂ ಒಬ್ಬರು ಹೇಳಿದರು. ಅವನು ನಮ್ಮ ಕಲ್ಕಿಯಂಥವನೇ? ಯಾವಾಗ ಬರುತ್ತಾನಂತೆ? ಬೇಸಿಗೆಯಲ್ಲಿ ಲಡಾಖಿಗೆ ಹೋಗುವವರಿದ್ದೇವೆ. ಮೂರ್ತಿ ಕಂಡರೆ ಗುರುತು ಹಿಡಿಯುವುದು ಹೇಗೆ?

ಉತ್ತರ: ನೀವು ಓದಿದ್ದು ಸರಿ, ಬೈಲಕುಪ್ಪೆಯ ಬಗ್ಗೆ ಕೇಳಿದ್ದು ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಬೌದ್ಧ ಪರಂಪರೆಗಳೆಲ್ಲ ಒಪ್ಪುವ ಸಂಗತಿ ಒಂದಿದೆ. ಈಗ ನಡೆಯುತ್ತಿರುವ ಭದ್ರಕಲ್ಪ ಎಂಬ ಯುಗದಲ್ಲಿ ಕ್ರಕುಚ್ಛಂದ, ಕನಕಮುನಿ, ಕಾಶ್ಯಪ, ಶಾಕ್ಯಮುನಿ ಎಂಬ ನಾಲ್ವರು ಬುದ್ಧರು ಬಂದುಹೋಗಿದ್ದಾರೆ, ಐದನೆಯವನು ಮೈತ್ರೇಯ. ಅವನು ಈಗ ತುಷಿತ ಎಂಬ ದೇವಲೋಕದಲ್ಲಿ ಬೋಧಿಸತ್ತ್ವನಾಗಿ, ಅಂದರೆ ಬುದ್ಧನಾಗಲಿರುವವನಾಗಿ, ಇದ್ದಾನೆ, ಮುಂದೆ ಭೂಮಿಯಲ್ಲಿ ಹುಟ್ಟಿ ಬುದ್ಧನಾಗುತ್ತಾನೆ. ಹಾಗಾಗಿ ಶಿಲ್ಪಿಯ ಮುಂದೆ ಎರಡು ದಾರಿಗಳಿವೆ. ಈಗಿನ ಸ್ಥಿತಿಯನ್ನು ತೋರಿಸುವುದಾದರೆ ಕಿರೀಟ, ಹಾರ, ತೋಳಬಂದಿ ತೊಟ್ಟ ರಾಜಕುಮಾರನಂಥ ರೂಪ. ಮುಂದಿನ ಸ್ಥಿತಿಯನ್ನು ತೋರಿಸುವುದಾದರೆ ಆಭರಣವಿಲ್ಲದ, ಭಿಕ್ಷುವಿನ ಚೀವರ ಹೊದ್ದ, ತಲೆಯ ಮೇಲೆ ಉಷ್ಣೀಷ ಎಂಬ ಉಬ್ಬು ಇರುವ ಬುದ್ಧರೂಪ. ಚೀನಾ ಇದಕ್ಕೆ ಮೂರನೆಯದೊಂದನ್ನು ಸೇರಿಸಿತು: ಬರುವ ಮೊದಲೇ ಜನರ ನಡುವೆ ಮರೆವೇಷದಲ್ಲಿ ಓಡಾಡುವ ಮೈತ್ರೇಯ. ನಗುವ ಹೊಟ್ಟೆಯವನು ಆ ಮೂರನೆಯವನು. ಯಾವುದೇ ಮೂರ್ತಿಯ ಮುಂದೆ ನಿಂತಾಗ ಮೊದಲು ಉಡುಪು ನೋಡಿ, ಇದು ಈಗಿನವನೋ, ಮುಂದಿನವನೋ, ಮರೆವೇಷದವನೋ ಎಂದು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ.

ಕಲ್ಕಿಯ ಪ್ರಶ್ನೆಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ. ಮೈತ್ರೇಯನ ಬಗೆಗಿನ ಹಳೆಯ ಪಾಠ ಬುದ್ಧನ ದೀರ್ಘ ಉಪದೇಶಗಳ ಸಂಗ್ರಹವಾದ ಪಾಲಿ ದೀಘನಿಕಾಯದ 26ನೆಯ ಸುತ್ತವಾದ ಚಕ್ಕವತ್ತಿ ಸೀಹನಾದದಲ್ಲಿದೆ. ಅಲ್ಲಿ ಲೋಕ ಕೆಡಲು ಶುರುವಾಗುವುದು ಯಾವ ರಾಕ್ಷಸನಿಂದಲೂ ಅಲ್ಲ. ಒಬ್ಬ ಅರಸ ರಾಜ್ಯಕ್ಕೆ ರಕ್ಷಣೆ ಕೊಡುತ್ತಾನೆ, ಆದರೆ ಬಡವರಿಗೆ ಧನ ಕೊಡುವುದಿಲ್ಲ. ಅದರಿಂದ ಬಡತನ, ಬಡತನದಿಂದ ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ, ಕೊಲೆಯಿಂದ ಸುಳ್ಳು ಎಂದು ಒಂದರ ಹಿಂದೆ ಒಂದು ಬೆಳೆಯುತ್ತವೆ. 80,000 ವರ್ಷವಿದ್ದ ಮನುಷ್ಯರ ಆಯುಷ್ಯ ಕುಗ್ಗುತ್ತ ಕುಗ್ಗುತ್ತ 10 ವರ್ಷಕ್ಕೆ ಇಳಿಯುತ್ತದೆ. ಆಗ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ, ಉಪ್ಪು ಇವುಗಳ ರುಚಿಯೇ ಲೋಕದಿಂದ ಮಾಯವಾಗುತ್ತದೆ. ಕುದ್ರೂಸಕ ಎಂಬ ಒರಟು ಧಾನ್ಯವೇ ಮೃಷ್ಟಾನ್ನ. ಏಳು ದಿನ ಜನ ಒಬ್ಬರನ್ನೊಬ್ಬರು ಮೃಗಗಳೆಂದು ಭಾವಿಸಿ ಕೊಲ್ಲುತ್ತಾರೆ. ಕೆಲವರು ಮಾತ್ರ ಕಾಡು, ಪೊದೆ, ನದಿಯ ನಡುಗಡ್ಡೆಗಳಲ್ಲಿ ಅಡಗಿ ಬದುಕುತ್ತಾರೆ. ಎಂಟನೆಯ ದಿನ ಹೊರಬಂದು, ಬದುಕಿದ್ದೀಯಲ್ಲ ಎಂದು ಒಬ್ಬರನ್ನೊಬ್ಬರು ಅಪ್ಪಿಕೊಂಡು, ಇನ್ನು ಕೊಲ್ಲುವುದು ಬೇಡ ಎಂದು ನಿಶ್ಚಯಿಸುತ್ತಾರೆ. ಅವರ ಮಕ್ಕಳ ಆಯುಷ್ಯ 20 ಆಗುತ್ತದೆ. ಮತ್ತೆ ಕಳವು ಬಿಡುತ್ತಾರೆ, ಸುಳ್ಳು ಬಿಡುತ್ತಾರೆ; ಆಯುಷ್ಯ 40, 80, 160 ಎಂದು ಏರುತ್ತ ಮತ್ತೆ 80,000ಕ್ಕೆ ಮುಟ್ಟುತ್ತದೆ.

ಮೈತ್ರೇಯ ಹುಟ್ಟುವುದು ಆಗ. ವಾರಾಣಸಿ ಆ ಹೊತ್ತಿಗೆ ಕೇತುಮತಿ ಎಂಬ ರಾಜಧಾನಿಯಾಗಿರುತ್ತದೆ, ಶಂಖನೆಂಬ ಚಕ್ರವರ್ತಿ ದಂಡ ಹಿಡಿಯದೆ, ಶಸ್ತ್ರ ಹಿಡಿಯದೆ ಆಳುತ್ತಿರುತ್ತಾನೆ. ಹೆಣ್ಣುಮಕ್ಕಳ ಮದುವೆಯ ವಯಸ್ಸು 500. ಉಳಿದಿರುವ ಕಾಯಿಲೆಗಳು ಮೂರೇ: ಆಸೆ, ಹಸಿವು, ಮುಪ್ಪು. ಅಂದರೆ ಲೋಕ ಆಗಲೇ ನೆಟ್ಟಗಾಗಿರುತ್ತದೆ, ನೆಟ್ಟಗೆ ಮಾಡಿದವರು ಮನುಷ್ಯರೇ. ಕಲ್ಕಿ ಬರುವುದು ಕೆಟ್ಟ ಕಾಲದ ತುದಿಯಲ್ಲಿ, ಕುದುರೆಯೇರಿ ಕತ್ತಿ ಹಿಡಿದು. ಮೈತ್ರೇಯ ಬರುವುದು ಒಳ್ಳೆಯ ಕಾಲದ ಶಿಖರದಲ್ಲಿ, ಧರ್ಮ ಹೇಳುವುದಕ್ಕೆ. ಎಲ್ಲ ಸುಖವಿದ್ದೂ ಮುಪ್ಪು ತಪ್ಪದ ಜನರಿಗೆ ಬಿಡುಗಡೆಯ ದಾರಿ ತೋರಿಸುವುದು ಅವನ ಕೆಲಸ. ಅವನನ್ನು ರಕ್ಷಕನೆಂದು ಕಾಯುವುದು ಮೂಲ ಪಾಠದ ತರ್ಕಕ್ಕೇ ವಿರುದ್ಧ ಎಂಬುದು ನನ್ನ ಖಚಿತ ಅಭಿಪ್ರಾಯ. ಅವನನ್ನು ಹಾಗೆ ರಕ್ಷಕನನ್ನಾಗಿಸಿದ್ದು ಇತಿಹಾಸ.

ಇನ್ನು ಕಾಲದ ಲೆಕ್ಕ. ಅಂತರ್ಜಾಲದಲ್ಲಿ 567 ಕೋಟಿ ವರ್ಷ ಎಂಬ ಸಂಖ್ಯೆ ಕಾಣುತ್ತದೆ. ಅದು ಜಪಾನಿನಲ್ಲಿ ಬಳಕೆಯಲ್ಲಿರುವ ಸಂಖ್ಯೆ. ಅದರ ಬೇರು ಹೀಗಿದೆ: ತುಷಿತ ಲೋಕದ ಒಂದು ದಿನವೆಂದರೆ ನಮ್ಮ 400 ವರ್ಷ, 30 ದಿನಕ್ಕೆ ತಿಂಗಳು, 12 ತಿಂಗಳಿಗೆ ವರ್ಷ, ಅಲ್ಲಿನ ಆಯುಷ್ಯ 4,000 ವರ್ಷ. 4,000ವನ್ನು 360ರಿಂದ, ಬಂದದ್ದನ್ನು 400ರಿಂದ ಗುಣಿಸಿದರೆ 57 ಕೋಟಿ 60 ಲಕ್ಷ ಬರುತ್ತದೆ. ಚೀನೀ ಅನುವಾದಗಳಲ್ಲಿ ದೊಡ್ಡ ಸಂಖ್ಯೆಗಳ ಏಕಮಾನ ಒಂದೇ ಆಗಿರಲಿಲ್ಲ, ಜೊತೆಗೆ ಅಂಕಿಗಳೂ ಅದಲುಬದಲಾದವು, ಹೀಗೆ 57.6 ಕೋಟಿ ಹೋಗಿ ಸುಮಾರು ಹತ್ತು ಪಟ್ಟಿನ 567 ಕೋಟಿ ಆಯಿತು ಎಂಬುದು ವಿದ್ವಾಂಸರ ಸಾಮಾನ್ಯ ವಿವರಣೆ. ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್ ಕಡೆ ಕೇಳಿಬರುವ ಸಂಖ್ಯೆ 5,000. ಅದು ಮೈತ್ರೇಯ ಬರುವ ಗಡುವಲ್ಲ. ಗೌತಮ ಬುದ್ಧನ ಶಾಸನ, ಅಂದರೆ ಬೋಧನೆ, ಲೋಕದಲ್ಲಿ ಉಳಿಯುವ ಅವಧಿಯೆಂದು ಅಟ್ಠಕಥೆಗಳೆಂಬ ಪಾಲಿ ವ್ಯಾಖ್ಯಾನಗಳು ಕೊಟ್ಟ ಲೆಕ್ಕ ಅದು. ಹಿಂದಿನ ಬುದ್ಧನ ಧರ್ಮ ಪೂರ್ತಿ ಮರೆಯಾಗುವವರೆಗೆ ಹೊಸ ಬುದ್ಧ ಬರುವಂತಿಲ್ಲ. ಮರೆಯಾದ ಕೂಡಲೇ ಬರುತ್ತಾನೆ ಎಂದು ಇದರರ್ಥವಲ್ಲ.

ಈಗ ಗುರುತುಗಳು. ಗಾಂಧಾರದ ಶಿಲ್ಪಗಳಲ್ಲಿ, ಅಂದರೆ ಕ್ರಿ.ಶ. ಮೊದಲ ಶತಮಾನಗಳಲ್ಲೇ, ಮೈತ್ರೇಯನ ಎಡಗೈಯಲ್ಲಿ ಪುಟ್ಟ ಕಮಂಡಲು ಇರುತ್ತದೆ, ಬಲಗೈ ಅಭಯದಲ್ಲಿ. ತಲೆಗೆ ಪೇಟವಿಲ್ಲ, ಕೂದಲನ್ನು ನೆತ್ತಿಯ ಮೇಲೆ ಕುಣಿಕೆಯಂತೆ ಕಟ್ಟಿರುತ್ತಾರೆ. ಸಿದ್ಧಾರ್ಥ ಕ್ಷತ್ರಿಯನಾದ್ದರಿಂದ ಬೋಧಿಸತ್ತ್ವ ರೂಪದಲ್ಲಿ ಅವನಿಗೆ ಪೇಟ. ಮೈತ್ರೇಯ ಬ್ರಾಹ್ಮಣ ಕುಲದಲ್ಲಿ ಹುಟ್ಟುವವನಾದ್ದರಿಂದ ಅವನಿಗೆ ಜಟೆ ಮತ್ತು ಕಮಂಡಲು. ಕಾಲ ಕಳೆದಂತೆ ಇನ್ನೊಂದು ಗುರುತು ಸೇರಿತು: ಕಿರೀಟದ ಅಥವಾ ಜಟೆಯ ಮುಂಭಾಗದಲ್ಲಿ ಪುಟ್ಟ ಸ್ತೂಪ. ಟಿಬೆಟಿನ ಮೂರ್ತಿಗಳಲ್ಲಿ ಕಮಂಡಲು ಕೈಬಿಟ್ಟು ಭುಜದ ಪಕ್ಕದ ಹೂವಿನ ಮೇಲೆ ಕೂರುತ್ತದೆ, ಕೈಗಳು ಬೋಧನೆಯ ಸನ್ನೆಯಾದ ಧರ್ಮಚಕ್ರ ಮುದ್ರೆಗೆ ಹೋಗುತ್ತವೆ. ಹೂವು ನಾಗಪುಷ್ಪ. ಗೌತಮನಿಗೆ ಅರಳಿ ಹೇಗೋ ಮೈತ್ರೇಯನಿಗೆ ಈ ಮರ. ನಮ್ಮ ಮಲೆನಾಡಿನವರು ನಾಗಸಂಪಿಗೆ ಎನ್ನುವುದು ಇದನ್ನೇ. ಅದರ ಕೆಳಗೆ ಅವನು ಮೂರು ಸಭೆ ನಡೆಸುತ್ತಾನೆ, ಮೊದಲನೆಯದರಲ್ಲಿ 96 ಕೋಟಿ, ಎರಡನೆಯದರಲ್ಲಿ 94, ಮೂರನೆಯದರಲ್ಲಿ 92 ಕೋಟಿ ಜನ ಅರ್ಹಂತರಾಗುತ್ತಾರೆ, ಅಂದರೆ ಬಿಡುಗಡೆ ಪಡೆಯುತ್ತಾರೆ ಎಂದು ಚೀನೀ ಸೂತ್ರಗಳು ಹೇಳುತ್ತವೆ.

ಕೊನೆಯ ಗುರುತು ಕೂರುವ ಭಂಗಿ. ಪೀಠದ ಮೇಲೆ ಕುಳಿತು ಎರಡೂ ಕಾಲು ಕೆಳಗಿಳಿಬಿಟ್ಟ ಪ್ರಲಂಬಪಾದಾಸನ. ಎದ್ದು ಬರಲು ಸಿದ್ಧನಾದವನ ಭಂಗಿ ಎಂದು ಇದನ್ನು ವಿವರಿಸುವುದುಂಟು. ಚೀನಾದ ಲೆಶಾನ್‌ನಲ್ಲಿ ಮೂರು ನದಿಗಳು ಸೇರುವಲ್ಲಿ ಬಂಡೆಯನ್ನೇ ಕಡಿದು ಮಾಡಿದ 71 ಮೀಟರ್ ಎತ್ತರದ ಮೈತ್ರೇಯ ಹೀಗೆಯೇ ಕುಳಿತಿದ್ದಾನೆ. ದೋಣಿಗಳನ್ನು ಮುಳುಗಿಸುತ್ತಿದ್ದ ಸುಳಿ ಶಾಂತವಾಗಲೆಂದು ಹೈತೊಂಗ್ ಎಂಬ ಭಿಕ್ಷು 713ರಲ್ಲಿ ಶುರುಮಾಡಿದ ಕೆಲಸ ಮುಗಿದದ್ದು 803ರಲ್ಲಿ. ಕೂದಲ ಸುರುಳಿಗಳ ನಡುವೆ, ಕಿವಿಗಳ ಹಿಂದೆ, ಎದೆಯ ಭಾಗದಲ್ಲಿ ಮಳೆನೀರು ಹರಿದುಹೋಗುವ ಕಾಲುವೆಗಳನ್ನು ಅಡಗಿಸಿದ್ದಾರೆ. ಮೆತ್ತನೆಯ ಕೆಂಪು ಮರಳುಗಲ್ಲು ಸಾವಿರದಿನ್ನೂರು ವರ್ಷ ತಡೆದುಕೊಂಡದ್ದಕ್ಕೆ ಅವೂ ಒಂದು ಕಾರಣ.

ಆದರೆ ಭಂಗಿಯೊಂದನ್ನೇ ನಂಬಿದರೆ ಮೋಸಹೋಗುತ್ತೀರಿ. ಅಜಂತಾದ 26ನೆಯ ಗುಹೆಯ ಚೈತ್ಯದಲ್ಲಿ, ಎಲ್ಲೋರಾದ 10ನೆಯ ಗುಹೆಯಲ್ಲಿ, ಜಾವಾದ ಮೆಂಡುತ್ ದೇಗುಲದಲ್ಲಿ ಬುದ್ಧ ಕಾಲು ಇಳಿಬಿಟ್ಟೇ ಕುಳಿತಿದ್ದಾನೆ. ಆ ಯಾವುದನ್ನೂ ಮೈತ್ರೇಯ ಎಂದು ತೀರ್ಮಾನಿಸುವಂತಿಲ್ಲ. ಅಜಂತಾದಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಮೈತ್ರೇಯ ಬೇಕಿದ್ದರೆ 17ನೆಯ ಗುಹೆಯ ಬಾಗಿಲಿನ ಮೇಲ್ಭಾಗ ನೋಡಿ: ಸಾಲಾಗಿ ಎಂಟು ಮಂದಿಯ ಚಿತ್ರ, ಏಳು ಚೀವರದ ಬುದ್ಧರು, ಎಂಟನೆಯವನಿಗೆ ಮಾತ್ರ ಆಭರಣ. ಚೀನಾದ ಐದನೆಯ ಶತಮಾನದ ಮೂರ್ತಿಗಳಲ್ಲಿ ಭಂಗಿಯೇ ಬೇರೆ. ದುನ್‌ಹುವಾಂಗ್‌ನ 275ನೆಯ ಗುಹೆಯಲ್ಲಿ ಅವನು ಕಣಕಾಲುಗಳನ್ನು ಒಂದರ ಮೇಲೊಂದು ಅಡ್ಡ ಹಾಕಿ ಕುಳಿತಿದ್ದಾನೆ.

ಪಾತ್ರೆಯೊಂದನ್ನೇ ನಂಬುವುದು ಎರಡನೆಯ ತಪ್ಪು. ಕರುಣೆಯ ಬೋಧಿಸತ್ತ್ವನಾದ ಅವಲೋಕಿತೇಶ್ವರನ ಕೈಯಲ್ಲೂ ಕಮಂಡಲು ಇರಬಹುದು. ಆಗ ತಲೆ ನೋಡಬೇಕು: ಸ್ತೂಪವಿದ್ದರೆ ಮೈತ್ರೇಯ, ಕುಳಿತ ಪುಟ್ಟ ಬುದ್ಧನಿದ್ದರೆ ಅವಲೋಕಿತೇಶ್ವರ. ನಿಮಗೆ ಬೈಲಕುಪ್ಪೆಯ ಬಗ್ಗೆ ತಪ್ಪು ಮಾಹಿತಿ ಸಿಕ್ಕಿದ್ದೂ ಬಹುಶಃ ಇಂಥದೇ ಕಾರಣಕ್ಕೆ. ನಾಮ್‌ದ್ರೋಲಿಂಗ್ ಮಠದ ಸ್ವರ್ಣ ದೇಗುಲದಲ್ಲಿರುವುದು ನಡುವೆ ಶಾಕ್ಯಮುನಿ, ಇಕ್ಕೆಲಗಳಲ್ಲಿ ಟಿಬೆಟಿಗೆ ಬೌದ್ಧ ಧರ್ಮ ಒಯ್ದ ಗುರು ಪದ್ಮಸಂಭವ ಮತ್ತು ದೀರ್ಘಾಯುಷ್ಯದ ಬುದ್ಧ ಅಮಿತಾಯು. ಅಮಿತಾಯು ಮಡಿಲಲ್ಲಿ ಎರಡೂ ಕೈಗಳಿಂದ ಹಿಡಿಯುವುದು ಆಯುಷ್ಯದ ಕಲಶ. ಅದು ಕಮಂಡಲುವಲ್ಲ, ಅವನು ಮೈತ್ರೇಯನೂ ಅಲ್ಲ.

ಕೊರಿಯಾ ಮತ್ತು ಜಪಾನಿನಲ್ಲಿ ಇನ್ನೊಂದು ಸುಂದರ ಸಮಸ್ಯೆಯಿದೆ. ಒಂದು ಕಾಲನ್ನು ಇನ್ನೊಂದರ ತೊಡೆಯ ಮೇಲಿಟ್ಟು, ಬಲಗೈ ಬೆರಳನ್ನು ಕೆನ್ನೆಗೆ ತಾಗಿಸಿ ಯೋಚನೆಯಲ್ಲಿ ಮುಳುಗಿದ ಬೋಧಿಸತ್ತ್ವ. ಸೋಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಂಥ ಎರಡು ಕಂಚಿನ ಮೂರ್ತಿಗಳಿಗೆಂದೇ 2021ರಲ್ಲಿ ಒಂದು ಕೋಣೆ ತೆರೆದರು. ಕ್ಯೋಟೋದ ಕೋರ್ಯೂಜಿಯಲ್ಲಿ ಕೆಂಪು ಪೈನ್ ಮರದ ಮೂರ್ತಿಯಿದೆ, ಸೋಲ್‌ನ ಎರಡರಲ್ಲಿ ಒಂದಕ್ಕೆ ಅಚ್ಚಿನಂತೆ ಹೋಲುತ್ತದೆ. ಜಪಾನಿನಲ್ಲಿ ಇದನ್ನು ಮಿರೊಕು, ಅಂದರೆ ಮೈತ್ರೇಯ ಎಂದೇ ಪೂಜಿಸುತ್ತಾರೆ. ಆದರೆ ಚೀನಾದಲ್ಲಿ ಇದೇ ಭಂಗಿಯ ಹಲವು ಮೂರ್ತಿಗಳ ಶಾಸನಗಳು ಇದನ್ನು ಚಿಂತನಮಗ್ನ ರಾಜಕುಮಾರ, ಎಂದರೆ ಸಿದ್ಧಾರ್ಥ, ಎನ್ನುತ್ತವೆ. ಶಾಸನವಿಲ್ಲದ ಮೂರ್ತಿಗಳಿಗೆ ಖಚಿತ ಹೆಸರು ಕೊಡದಿರುವುದೇ ಪ್ರಾಮಾಣಿಕತೆ.

ನಗುವ ಹೊಟ್ಟೆಯವನ ಹೆಸರು ಬುದಾಯ್, ಜಪಾನಿನಲ್ಲಿ ಹೊತೆಯ್. ಹತ್ತನೆಯ ಶತಮಾನದ ಆರಂಭದಲ್ಲಿ ಇಂದಿನ ಝೆಜಿಯಾಂಗ್ ಪ್ರಾಂತ್ಯದ ಫೆಂಗ್‌ಹುವಾದಲ್ಲಿ ಓಡಾಡುತ್ತಿದ್ದ ಚೀಟ್ಸ್ ಎಂಬ ಅಲೆಮಾರಿ ಭಿಕ್ಷು ಅವನು. ಬಟ್ಟೆಯ ಜೋಳಿಗೆಯೊಂದನ್ನು ಹೆಗಲಿಗೇರಿಸಿ, ಸಿಕ್ಕಿದ್ದನ್ನೆಲ್ಲ ಅದಕ್ಕೆ ಹಾಕಿಕೊಂಡು ತಿರುಗುತ್ತಿದ್ದನಂತೆ. ಸಾಯುವ ಮುನ್ನ ಹೇಳಿದನೆಂದು ಪರಂಪರೆ ಉಳಿಸಿಕೊಂಡಿರುವ ಪದ್ಯದ ತಾತ್ಪರ್ಯ ಇಷ್ಟು: ಮೈತ್ರೇಯ, ನಿಜವಾದ ಮೈತ್ರೇಯ, ಕೋಟಿ ಕೋಟಿ ಮೈಗಳಾಗಿ ಹಂಚಿಕೊಂಡು ಕಾಲಕಾಲಕ್ಕೂ ಜನರಿಗೆ ಕಾಣಿಸಿಕೊಳ್ಳುತ್ತಾನೆ, ಜನರೇ ಗುರುತಿಸುವುದಿಲ್ಲ. ಈ ಪದ್ಯದಿಂದ ಅವನೇ ಮೈತ್ರೇಯ ಎಂಬ ನಂಬಿಕೆ ಬೆಳೆಯಿತು. ಇಂದು ಚೀನೀ ಮಠದ ಮೊದಲ ಮಂಟಪದಲ್ಲಿ, ನಾಲ್ವರು ಲೋಕಪಾಲರ ನಡುವೆ, ಹೆಬ್ಬಾಗಿಲಿಗೆ ಮುಖಮಾಡಿ ಕೂತಿರುವವನು ಅವನೇ. ಬೆನ್ನಹಿಂದೆ ಒಳಮುಖವಾಗಿ ಸ್ಕಂದ ನಿಂತಿರುತ್ತಾನೆ. ಚೀನಾದಲ್ಲೂ ವಿಯೆಟ್ನಾಂನಲ್ಲೂ ಅವನ ಮೈಮೇಲೆ ಹತ್ತಿ ಕಿವಿ ಮೂಗು ಎಳೆಯುವ ಮಕ್ಕಳಿರುತ್ತಾರೆ. ಆರು ಮಕ್ಕಳಿದ್ದರೆ ಅವು ಆರು ಇಂದ್ರಿಯಗಳು: ಎಷ್ಟು ಕಾಡಿದರೂ ಅವನು ಕದಲುವುದಿಲ್ಲ. ಹೊಟ್ಟೆ ಸವರಿದರೆ ಹಣ ಬರುತ್ತದೆ, ಮೂರ್ತಿಯನ್ನು ಕೊಂಡುಕೊಳ್ಳಬಾರದು, ಉಡುಗೊರೆಯಾಗಿಯೇ ಬರಬೇಕು ಎಂಬ ಮಾತುಗಳಿಗೆ ಬೌದ್ಧ ಗ್ರಂಥಗಳ ಆಧಾರವಿಲ್ಲ. ಮನೆಯಲ್ಲಿಡುವ ಆಸೆಯಿದ್ದರೆ ಧಾರಾಳವಾಗಿ ಕೊಂಡು ತನ್ನಿ.

ಕಾಯುವ ರೀತಿಯೂ ನಾಡಿನಿಂದ ನಾಡಿಗೆ ಬೇರೆ. ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್‌ನಂಥ ಥೇರವಾದದ ನಾಡುಗಳಲ್ಲಿ ಗುರಿ, ಮುಂದೆ ಅವನು ಬಂದಾಗ ಮನುಷ್ಯರಾಗಿ ಹುಟ್ಟಿ ಅವನ ಮಾತು ಕೇಳುವುದು. ಥಾಯ್ಲೆಂಡ್ ಮತ್ತು ಲಾವೋಸ್‌ಗಳಲ್ಲಿ ಪ್ರಚಲಿತವಾದ ಫ್ರಾ ಮಲಯ್ ಕಥೆಯಲ್ಲಿ ಒಬ್ಬ ಅರ್ಹಂತ ದೇವಲೋಕಕ್ಕೆ ಹೋಗಿ ಮೈತ್ರೇಯನನ್ನೇ ಕಂಡು, ನಿನ್ನನ್ನು ಕಾಣಬಯಸುವವರು ಏನು ಮಾಡಬೇಕು ಎಂದು ಕೇಳುತ್ತಾನೆ. ಉತ್ತರ ಸ್ಪಷ್ಟ: ಬುದ್ಧನ ಹಿಂದಿನ ಜನ್ಮದ ಕಥೆಯಾದ ವೆಸ್ಸಂತರ ಜಾತಕವನ್ನು ಒಂದು ಹಗಲು ಒಂದು ರಾತ್ರಿಯಲ್ಲಿ ಪೂರ್ತಿ ಕೇಳಬೇಕು. 13 ಕಾಂಡ, 1,000 ಗಾಥೆ. ಅದಕ್ಕೇ ಅಲ್ಲಿನ ಊರೂರುಗಳಲ್ಲಿ ವರ್ಷಕ್ಕೊಮ್ಮೆ ಮಹಾಜಾತಿ ಪಾರಾಯಣ ನಡೆಯುತ್ತದೆ; ಕಾಣಿಕೆಯ ಹೂವು, ದೀಪಗಳಿಗೂ ಸಾವಿರದ ಲೆಕ್ಕವೇ. ಶ್ರೀಲಂಕಾದ ಹಳೆಯ ಇತಿಹಾಸಕಾವ್ಯ ಮಹಾವಂಶ ಇನ್ನೂ ಮುಂದೆ ಹೋಗಿ, ದುಟ್ಠಗಾಮಣಿ ರಾಜ ಮೈತ್ರೇಯನ ಅಗ್ರಶಿಷ್ಯನಾಗುತ್ತಾನೆ, ಅವನ ತಂದೆತಾಯಿಯೇ ಮೈತ್ರೇಯನಿಗೂ ತಂದೆತಾಯಿಯಾಗುತ್ತಾರೆ ಎನ್ನುತ್ತದೆ. ಬರ್ಮಾದ ಬಗಾನ್‌ನಲ್ಲಿ ಹನ್ನೆರಡನೆಯ ಶತಮಾನದ ಕೊನೆಗೆ ಕಟ್ಟಿದ ಧಮ್ಮಯಾಜಿಕ ಸ್ತೂಪಕ್ಕೆ ನಾಲ್ಕರ ಬದಲು ಐದು ಮುಖಗಳಿವೆ, ಐದನೆಯದು ಇವನಿಗೆ.

ಚೀನಾ, ಜಪಾನ್, ಟಿಬೆಟ್‌ಗಳ ಉತ್ತರದ ಪರಂಪರೆಯಲ್ಲಿ ಅಷ್ಟು ಕಾಯದೆ, ಸತ್ತ ಕೂಡಲೇ ತುಷಿತದಲ್ಲಿ ಹುಟ್ಟಿ ಅಲ್ಲಿಯೇ ಅವನ ಪಾಠ ಕೇಳುವ ಆಸೆ ಬಲವಾಗಿತ್ತು. ಇಮ್ಮಡಿ ಪುಲಿಕೇಶಿಯ ನಾಡಿನ ಬಗ್ಗೆ ಬರೆದಿಟ್ಟ ಹ್ಯೂಯೆನ್ ತ್ಸಾಂಗನ ಜೀವನದ ಆಸೆ ಇದೇ. ಗಂಗಾನದಿಯಲ್ಲಿ ಕಳ್ಳರು ಅವನನ್ನು ದುರ್ಗೆಗೆ ಬಲಿಕೊಡಲು ಹಿಡಿದಾಗ ಅವನು ಮೈತ್ರೇಯನ ಧ್ಯಾನಕ್ಕೆ ಕುಳಿತನೆಂದು ಅವನ ಜೀವನಚರಿತ್ರೆ ಹೇಳುತ್ತದೆ. 664ರಲ್ಲಿ ತೀರಿಕೊಳ್ಳುವಾಗಲೂ ಅವನ ಮಾತು ತುಷಿತದ ಬಗ್ಗೆಯೇ. ಜಪಾನಿನಲ್ಲಿ 1007ರಲ್ಲಿ ಫುಜಿವಾರ ನೊ ಮಿಚಿನಾಗ ಎಂಬ ಪ್ರಬಲ ಮಂತ್ರಿ ತನ್ನ ಕೈಬರಹದ ಸೂತ್ರಗಳನ್ನು ಚಿನ್ನದ ಲೇಪದ ಕಂಚಿನ ಕರಂಡದಲ್ಲಿಟ್ಟು ಕಿನ್ಪುಸೆನ್ ಬೆಟ್ಟದಲ್ಲಿ ಹೂಳಿಸಿದ, ಮೈತ್ರೇಯ ಬರುವವರೆಗೆ ಅವು ಉಳಿಯಲೆಂದು.

ಕರ್ನಾಟಕದಲ್ಲಿರುವವರಿಗೆ ಇದರ ಜೀವಂತ ರೂಪ ಹತ್ತಿರದಲ್ಲೇ ಇದೆ. ಮುಂಡಗೋಡಿನಲ್ಲಿ ಮರುಸ್ಥಾಪನೆಯಾದ ಗಾಂದೆನ್ ಮಠಕ್ಕೆ ತುಷಿತ ಲೋಕದ ಟಿಬೆಟನ್ ಹೆಸರನ್ನೇ ಇಟ್ಟಿದ್ದಾರೆ; ಮೂಲ ಮಠವನ್ನು ಟಿಬೆಟಿನ ಗೆಲುಗ್ ಸಂಪ್ರದಾಯದ ಸ್ಥಾಪಕ ತ್ಸೊಂಗಖಾಪ 1409ರಲ್ಲಿ ಲ್ಹಾಸಾ ಬಳಿ ಸ್ಥಾಪಿಸಿದ್ದ. ಈ ಸಂಪ್ರದಾಯದ ‘ಗಾಂದೆನ್ ಲ್ಹಗ್ಯಮಾ’ ಪ್ರಾರ್ಥನೆಯಲ್ಲಿ ತ್ಸೊಂಗಖಾಪ ಮೈತ್ರೇಯನ ಹೃದಯದಿಂದ ಹೊರಟ ಮೋಡದ ಮೇಲೆ ಇಳಿದುಬರುವುದನ್ನು ಧ್ಯಾನಿಸುತ್ತಾರೆ. ಗಾಂದೆನ್, ದ್ರೆಪುಂಗ್, ಬೈಲಕುಪ್ಪೆಯ ಸೆರಾ ಮಠಗಳ ಪಠ್ಯಕ್ರಮದಲ್ಲಿ ಭಿಕ್ಷುಗಳು ವರ್ಷಗಟ್ಟಲೆ ಚರ್ಚಿಸುವ ಅಭಿಸಮಯಾಲಂಕಾರ, ಮೈತ್ರೇಯ ಭಾರತದ ಬೌದ್ಧ ಪಂಡಿತ ಅಸಂಗನಿಗೆ ಬೋಧಿಸಿದ ಐದು ಗ್ರಂಥಗಳಲ್ಲಿ ಒಂದೆಂದು ಪ್ರತೀತಿ.

ಮೈತ್ರೇಯ ಈಗಲೇ, ಇಲ್ಲಿಯೇ ಬಂದಿದ್ದಾನೆ ಎಂದವರದು ಬೇರೆಯೇ ಇತಿಹಾಸ. 515ರಲ್ಲಿ ಉತ್ತರ ಚೀನಾದಲ್ಲಿ ಫಾಚಿಂಗ್ ಎಂಬ ಭಿಕ್ಷು, ಹೊಸ ಬುದ್ಧ ಬಂದಿದ್ದಾನೆ ಎಂದು ಸಾರಿ ದಂಗೆಯೆಬ್ಬಿಸಿದ. 690ರಲ್ಲಿ ಸಿಂಹಾಸನವೇರಿದ ವೂ ಝೆಟಿಯನ್ ಸಾಮ್ರಾಜ್ಞಿಯನ್ನು ಮೈತ್ರೇಯನ ಅವತಾರವೆಂದು ಅವಳ ಪರವಾದ ಭಿಕ್ಷುಗಳು ಸಾರಿದರು. ಕೊರಿಯಾದಲ್ಲಿ ತನ್ನನ್ನೇ ಮೈತ್ರೇಯ ಎಂದುಕೊಂಡ ಗುಂಗ್ ಯೆ ರಾಜ 918ರಲ್ಲಿ ಪದಚ್ಯುತನಾದ. 1351ರ ಕೆಂಪು ಪೇಟದವರ ಬಂಡಾಯದ ಘೋಷಣೆಯಲ್ಲೂ ಮೈತ್ರೇಯ ಇಳಿದುಬರುತ್ತಾನೆ ಎಂಬ ಮಾತಿತ್ತು. ಆ ಬಂಡಾಯದಿಂದಲೇ 1368ರಲ್ಲಿ ಮಿಂಗ್ ವಂಶ ಎದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಥಿಯೊಸಾಫಿಕಲ್ ಸೊಸೈಟಿಯ ನಾಯಕರು ಜಿಡ್ಡು ಕೃಷ್ಣಮೂರ್ತಿಯವರನ್ನು ಮೈತ್ರೇಯನ ವಾಹಕರೆಂದು ಸಾರಿದರು. ಅದಕ್ಕೆಂದು ಕಟ್ಟಿದ ಸಂಘಟನೆಯನ್ನು ಕೃಷ್ಣಮೂರ್ತಿಯವರೇ 1929ರಲ್ಲಿ ವಿಸರ್ಜಿಸಿದರು. ಇಂದೂ ಯಾರಾದರೂ ಹೀಗೆ ಹೇಳಿಕೊಂಡರೆ ಒರೆಗಲ್ಲು ಸರಳ: ಶಾಕ್ಯಮುನಿಯ ಧರ್ಮ ಇನ್ನೂ ಲೋಕದಲ್ಲಿದೆ, ಆಯುಷ್ಯ 80,000 ಆಗಿಲ್ಲ. ಗ್ರಂಥಗಳ ಪ್ರಕಾರ ಆ ಹೇಳಿಕೆ ನಿಲ್ಲುವುದಿಲ್ಲ.

ಕೊನೆಗೆ ನಿಮ್ಮ ಪ್ರವಾಸ. ಲಡಾಖಿನಲ್ಲಿ ಮೈತ್ರೇಯನಿಗೆ ಚಂಬಾ ಎನ್ನುತ್ತಾರೆ. ಊರಿನವರನ್ನು ಕೇಳುವಾಗ ಆ ಹೆಸರು ಬಳಸಿ. ಶ್ರೀನಗರದ ಕಡೆಯಿಂದ ಬರುವುದಾದರೆ ಕಾರ್ಗಿಲ್‌ನಿಂದ ಸುಮಾರು 40 ಕಿ.ಮೀ. ದೂರದ ಮುಲ್ಬೆಕ್‌ನಲ್ಲಿ ರಸ್ತೆಯಂಚಿಗೇ ಬಂಡೆಯಲ್ಲಿ ಕಡೆದ, ನಿಂತ, ನಾಲ್ಕು ಕೈಗಳ ಮೂರ್ತಿಯಿದೆ. ಕೈಯಲ್ಲಿ ಜಪಮಾಲೆ ಮತ್ತು ಕಮಂಡಲು ಹುಡುಕಿ. ಪಾದದ ಭಾಗವನ್ನು ಮುಂದೆ ಕಟ್ಟಿದ ಚಿಕ್ಕ ಗುಡಿ ಮರೆಮಾಡಿದೆ. ಆಲ್ಚಿಯ ಸುಮ್‌ಚೆಕ್ ಮಂದಿರದಲ್ಲಿ ಮೂರು ಗೂಡುಗಳಲ್ಲಿ ಮೂವರು ಬೋಧಿಸತ್ತ್ವರು, ಎದುರಿನ ದೊಡ್ಡವನು ಮೈತ್ರೇಯ. ಅವನ ಧೋತಿಯ ಮೇಲೆ ವೃತ್ತಗಳೊಳಗೆ ಶಾಕ್ಯಮುನಿಯ ಜೀವನದ ಘಟನೆಗಳನ್ನು ಚಿತ್ರಿಸಿದ್ದಾರೆ. ಬರಲಿರುವ ಬುದ್ಧನ ಮೈಮೇಲೆ ಬಂದುಹೋದ ಬುದ್ಧನ ಕಥೆ. ಒಳಗೆ ಬೆಳಕು ಕಡಿಮೆ, ಕಣ್ಣು ಹೊಂದಿಕೊಳ್ಳುವವರೆಗೆ ಐದು ನಿಮಿಷ ಸುಮ್ಮನೆ ನಿಲ್ಲಿ. ಥಿಕ್ಸೆಯ ಸುಮಾರು 15 ಮೀಟರ್ ಎತ್ತರದ ಮೂರ್ತಿ ಎರಡು ಅಂತಸ್ತು ಆವರಿಸಿದೆ, ನೀವು ಮೇಲಂತಸ್ತಿನಿಂದ ಒಳಹೋಗುವುದರಿಂದ ಮುಖ ಕಣ್ಣೆದುರೇ ಸಿಗುತ್ತದೆ. ಇಲ್ಲಿ ಅವನು ಕಾಲು ಮಡಿಚಿ ಕುಳಿತಿದ್ದಾನೆ, ಭಂಗಿಯ ನಿಯಮ ಇಲ್ಲಿ ನಡೆಯುವುದಿಲ್ಲ. ದಿಸ್ಕಿತ್‌ನಲ್ಲಿ ಮಾತ್ರ ನಿಯಮ ಪೂರ್ತಿ ಹೊಂದುತ್ತದೆ: 2010ರಲ್ಲಿ ದಲೈ ಲಾಮಾ ಪ್ರತಿಷ್ಠಾಪಿಸಿದ 32 ಮೀಟರ್ ಎತ್ತರದ ಆ ಮೂರ್ತಿ ಕಿರೀಟ ತೊಟ್ಟು, ಎರಡೂ ಪಾದ ಕೆಳಗಿಟ್ಟು, ಶ್ಯೋಕ್ ನದಿಯ ಕಣಿವೆಗೆ ಮುಖಮಾಡಿ ಕುಳಿತಿದೆ. ದಾರಿಯಲ್ಲಿ ಸಿಗುವ ಕ್ರಮದಲ್ಲೇ, ಮುಲ್ಬೆಕ್‌ನಿಂದ ಶುರುಮಾಡಿ ದಿಸ್ಕಿತ್‌ನಲ್ಲಿ ಮುಗಿಸಿದರೆ ಒಂದೊಂದು ಗುರುತೂ ಒಂದೊಂದೆಡೆ ಅಭ್ಯಾಸವಾಗುತ್ತದೆ.